ಮಳೆ ಹಿಡಿದ ಮೇಲೆ ಆರ್‌ಸಿಸಿಬಿ ಬೀಳ್ತಿದೆ, ಫ್ರಿಜ್ಜಿನಲ್ಲಿ ಇನ್ಸುಲಿನ್ ಉಂಟು

ಕುಮಟೆ ಭಟ್ಟ:

ಎಲ್ಲರಿಗೂ ನಮಸ್ಕಾರ. ಚಿರೆಕಲ್ಲಿನ ಹಳೇ ಮನೆ, ವಯರಿಂಗ್ ಮಾತ್ರ ಹೊಸತು. ಮೇನ್ ಬೋರ್ಡಿನಲ್ಲಿ (ಡಿಬಿ) ಇಡೀ ಮನೆಗೆ ಒಂದೇ ಆರ್‌ಸಿಸಿಬಿ, ಅಂದರೆ ಕರೆಂಟು ಭೂಮಿಗೆ ಸೋರಿದರೆ ತಾನೇ ಬೀಳುವ ಸ್ವಿಚ್ಚು: 40 ಆಂಪಿಯರಿನದು, 30 ಮಿಲಿ ಆಂಪಿಯರ್ ಸೋರಿಕೆಯದು. ಬೇಸಿಗೆಯಲ್ಲಿ ತಂಟೆಯಿಲ್ಲ. ಮಳೆ ಹಿಡಿಯಿತೆಂದರೆ ಬೀಳ್ತದೆ, ಅದೂ ಹೆಚ್ಚಾಗಿ ರಾತ್ರಿ ಎರಡು-ಮೂರು ಗಂಟೆಗೆ. ಒಂದೊಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ. ಎತ್ತಿ ಹಾಕಿದರೆ ನಿಲ್ತದೆ, ಮತ್ತೆ ಅರ್ಧ ದಿನ ಸುಮ್ಮನಿರ್ತದೆ. ವಯರ್‌ಮನ್ ಬಂದು ಒಂದೊಂದೇ ಎಂಸಿಬಿ (ಆಯಾ ಲೈನಿನಲ್ಲಿ ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಹಾಕಿ ನೋಡಿದ, ಏನೂ ಸಿಗಲಿಲ್ಲ. "ಈ ಕಡೆ ಮಳೆಗೆ ಇದೆಲ್ಲ ಇದ್ದದ್ದೇ, ಆರ್‌ಸಿಸಿಬಿ ತೆಗೆದು ನೇರ ಕೊಟ್ಟುಬಿಡುವ, ಇಲ್ಲಾ 100 ಮಿಲಿಯದ್ದು ಹಾಕುವ" ಅಂತಾನೆ.

ತೊಂದರೆ ಫ್ರಿಜ್ಜಿನದು. ಅದರಲ್ಲಿ ಮನೆಯವಳ ಇನ್ಸುಲಿನ್ ಇರ್ತದೆ. ಫ್ಯಾನು, ದೀಪ ಇನ್ವರ್ಟರ್ ಮೇಲೆ ನಡೀತಾ ಇರೋದರಿಂದ ಬಿದ್ದದ್ದು ಬೆಳಿಗ್ಗೆಯೇ ಗೊತ್ತಾಗೋದು. ಹಾಗೆ ರಾತ್ರಿಯಿಡೀ ತಂಪಿಲ್ಲದ ಇನ್ಸುಲಿನ್ ಚುಚ್ಚಬಹುದೋ, ಚೆಲ್ಲಬೇಕೋ? ಫ್ರಿಜ್ಜನ್ನೂ ಇನ್ವರ್ಟರಿಗೆ ಹಾಕಿದರೆ ಹೇಗೆ? ಇರೋದು 900 ವಿಎ, 150 ಎಎಚ್ ಬ್ಯಾಟರಿ ಒಂದು.

ಕೋಡಿಬಾಗ, ಕಾರವಾರ:

ಭಟ್ರೆ, ಮೊದಲು ಆ ವಯರ್‌ಮನ್ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ. ಆರ್‌ಸಿಸಿಬಿ ತೆಗೆದರೆ ಏನಾಗ್ತದೆ, ಲೆಕ್ಕ ಹಾಕಿ ನೋಡಿ. ನಮ್ಮ ಚಿರೆಕಲ್ಲಿನ ನೆಲದಲ್ಲಿ ಅರ್ಥಿಂಗ್ 20 ಓಮ್ ಇದೆ ಅಂತಿಟ್ಟುಕೊಳ್ಳಿ. ಗೀಸರಿನೊಳಗಿನ ಫೇಸ್ ತಂತಿ ಅದರ ಲೋಹದ ಮೈಗೆ ತಾಗಿದರೆ 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ ಹನ್ನೊಂದೂವರೆ ಆಂಪಿಯರ್ ಮಾತ್ರ ಭೂಮಿಗೆ ಹರೀತದೆ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಗೀಸರ್ ಮೈಯಲ್ಲಿ ಕರೆಂಟು ಹಾಗೇ ನಿಂತಿರ್ತದೆ, ಬಚ್ಚಲಿಗೆ ಹೋದವರ ಗತಿ? ಆರ್‌ಸಿಸಿಬಿಗೆ 30 ಮಿಲಿ ಸಾಕು; ಅರ್ಥಿಂಗ್ ಅಷ್ಟು ಚೆನ್ನಾಗಿಲ್ಲದಿದ್ದರೂ ಅದು ಬೀಳ್ತದೆ. 100 ಮಿಲಿಯದ್ದು ಬೆಂಕಿ ತಪ್ಪಿಸಲಿಕ್ಕೆ ಅಷ್ಟೇ, ಮನುಷ್ಯನ ಜೀವ ಉಳಿಸುವ ಲೆಕ್ಕದ್ದಲ್ಲ.

ಇನ್ನು ನಿಮ್ಮ ರೋಗದ ಲಕ್ಷಣ. ಅರ್ಧ ದಿನಕ್ಕೊಮ್ಮೆ ಬೀಳೋದು, ಎತ್ತಿದರೆ ನಿಲ್ಲೋದು: ನನ್ನ ಅನುಮಾನ ನೇರ ಫ್ರಿಜ್ಜಿನ ಮೇಲೆ. ಫ್ರಾಸ್ಟ್‌ಫ್ರೀ ಫ್ರಿಜ್ಜಿನಲ್ಲಿ ಹಿಮ ಕರಗಿಸಲಿಕ್ಕೆ ಒಳಗೊಂದು ಹೀಟರ್ ಇರ್ತದೆ. ಕಂಪ್ರೆಸರ್ ಸುಮಾರು ಎಂಟರಿಂದ ಹನ್ನೆರಡು ತಾಸು ಓಡಿದ ಮೇಲೆ ಅದು ಹದಿನೈದಿಪ್ಪತ್ತು ನಿಮಿಷ ಉರೀತದೆ. ಹೀಟರಿನ ಕೊಳವೆಯ ತುದಿಯಲ್ಲಿ ರಬ್ಬರ್ ಬಿರುಕು ಬಿಟ್ಟು ಪಸೆ ಸೇರಿದ್ದರೆ ಸರಿಯಾಗಿ ಅದೇ ಹೊತ್ತಿಗೆ ಸೋರಿಕೆ. ನೀವು ಎತ್ತಿ ಹಾಕಿದಾಗ ಕೆಲವು ಎಲೆಕ್ಟ್ರಾನಿಕ್ ಬೋರ್ಡಿನವು ತಾಸಿನ ಲೆಕ್ಕ ಮೊದಲಿನಿಂದ ಶುರು ಮಾಡ್ತವೆ, ಹಾಗಾಗಿ ಮತ್ತೆ ಅರ್ಧ ದಿನ ಶಾಂತಿ. ವಯರ್‌ಮನ್ ಹಗಲು ಹೊತ್ತು ಬಂದು ಎಂಸಿಬಿ ಎತ್ತಿ ಇಳಿಸಿದರೆ ಇದು ಸಿಗೋದಿಲ್ಲ. ಪಿನ್ನಿಗೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದರೂ ಚೆನ್ನಾಗಿದೆ ಅಂತಲೇ ತೋರಿಸಬಹುದು, ಆಗ ಹೀಟರ್ ಸರ್ಕೀಟಿನಲ್ಲಿ ಇರೋದೇ ಇಲ್ಲವಲ್ಲ.

ಪರೀಕ್ಷೆ ಸುಲಭ. ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್ಜಿಗೆ ದಾಟಿಸಿ, ನಿಮ್ಮ ಫ್ರಿಜ್ಜಿನ ಪಿನ್ ಕಿತ್ತು ಎರಡು ರಾತ್ರಿ ಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನೇ ಕೀಳಬೇಕು. ಬೀಳಲಿಲ್ಲ ಅಂದರೆ ಫ್ರಿಜ್ ಮೆಕ್ಯಾನಿಕ್‌ಗೆ ಹೇಳಿ ಡಿಫ್ರಾಸ್ಟ್ ಹೀಟರಿನ ಎರಡೂ ತುದಿ ಬಿಚ್ಚಿಸಿ, 500 ವೋಲ್ಟ್ ಮೆಗ್ಗರಿನಲ್ಲಿ ತುದಿಗೂ ಲೋಹದ ಮೈಗೂ ನಡುವೆ ಅಳೆಯಿಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಹೀಟರ್ ಬದಲಿಸಿ, ರಿಪೇರಿ ಅಲ್ಲ.

ಮಳೆಗೇ ಯಾಕೆ ಅಂತ ಕೇಳ್ತೀರಿ. 30 ಮಿಲಿ ಅಂತ ಬರೆದದ್ದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಹೆಚ್ಚಿನವು ಇಪ್ಪತ್ತರ ಆಚೀಚೆ. ಒದ್ದೆ ಬಾವಿ ಪಂಪು ಎಂಟು ಹತ್ತು ಮಿಲಿ ಸೋರ್ತಾ ಇದ್ದರೆ, ಟಿವಿ, ವಾಷಿಂಗ್ ಮಷಿನ್, ಇನ್ವರ್ಟರ್ ತಲಾ ಒಂದೊಂದು ಮಿಲಿ ಸೇರಿಸಿದರೆ, ಪಾತ್ರೆ ಆಗಲೇ ಮುಕ್ಕಾಲು ತುಂಬಿರ್ತದೆ. ಫ್ರಿಜ್ಜಿನದು ಕಡೆಯ ಹನಿ. ಹಾಗಾಗಿ ಹೊರಗಿನದನ್ನೂ ಬಿಡಬೇಡಿ: ಗೇಟಿನ ದೀಪ, ಕೊಟ್ಟಿಗೆಯ ಹೋಲ್ಡರ್, ಹಿತ್ತಿಲ ಗೋಡೆಯ ಪ್ಲಗ್, ಪಂಪಿನ ಕೇಬಲ್ ಜಾಯಿಂಟ್. ಬರೀ ಟೇಪು ಸುತ್ತಿದ ಜಾಯಿಂಟ್ ನಮ್ಮ ಕಡೆ ಒಂದು ಮಳೆಗಾಲ ತಡೆಯೋದು ಕಷ್ಟ. ಜಂಕ್ಷನ್ ಬಾಕ್ಸ್ ತೆಗೆದರೆ ಇರುವೆ ಗೂಡೋ, ಸತ್ತ ಹಲ್ಲಿಯೋ ಸಿಕ್ಕೇ ಸಿಗ್ತದೆ, ಅದೂ ಸೋರಿಕೆಯ ದಾರಿಯೇ.

ಅಂಕೋಲಾ ನಾಯಕ:

ಕೋಡಿಬಾಗದವರು ಕರೆಂಟಿನದು ಹೇಳಿದ್ದಾರೆ. ಇನ್ಸುಲಿನ್ ಬಗ್ಗೆ ನಾನು ಹೇಳ್ತೆ. ಭಟ್ರೆ, ಒಂದು ರಾತ್ರಿ ತಂಪು ಹೋಯಿತು ಅಂತ ಚೆಲ್ಲಬೇಡಿ. ಇನ್ನೂ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು ಅನ್ನೋದು ಅದರ ಮೇಲೆ ಬರೆದ ಅವಧಿ ತನಕ ಉಳಿಯಲಿಕ್ಕೆ. ಉಪಯೋಗಿಸ್ತಾ ಇರುವ ಬಾಟಲಿ ಅಥವಾ ಪೆನ್ನು 30 ಡಿಗ್ರಿ ಒಳಗೆ ಹೊರಗಿಟ್ಟರೂ ಸುಮಾರು ನಾಲ್ಕು ವಾರ ಬರ್ತದೆ. ಸರಿಯಾದ ದಿನ ಡಬ್ಬಿಯೊಳಗಿನ ಚೀಟಿಯಲ್ಲಿ ಇರ್ತದೆ, ಒಂದೊಂದು ಜಾತಿಗೆ ಒಂದೊಂದು. ಬಾಗಿಲು ತೆರೆಯದ ಫ್ರಿಜ್ಜು ನಾಲ್ಕು ತಾಸು ತಂಪು ಹಿಡೀತದೆ, ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಟ್ಟರೆ ಇನ್ನೂ ಹೆಚ್ಚು. ಆಷಾಢದಲ್ಲಿ ಕುಮಟೆಯ ಮನೆಯೊಳಗೆ ಸಾಮಾನ್ಯವಾಗಿ ಇಪ್ಪತ್ತೆಂಟು ಡಿಗ್ರಿಯ ಆಸುಪಾಸು. ಕಳವಳ ಬೇಡ. ಹೊರಗೆ ಬೆಚ್ಚಗಾದ ಹೊಸ ಬಾಟಲಿಗೆ ಆ ದಿನದ ತಾರೀಖು ಬರೆದು, ನಾಲ್ಕು ವಾರದ ಲೆಕ್ಕ ಅಲ್ಲಿಂದ ಹಿಡಿಯಿರಿ.

ಬಿಸಿಗಿಂತ ಹೆಚ್ಚು ಹಾಳುಮಾಡೋದು ಹಿಮ. ಫ್ರೀಜರಿನ ಬಾಯಿಗೆ ತಾಗಿ ಇಟ್ಟದ್ದು, ಕರೆಂಟು ಹೋಯಿತೆಂದು ಐಸಿನ ಚೀಲಕ್ಕೆ ಅಂಟಿಸಿ ಇಟ್ಟದ್ದು, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಪ್ರಯೋಜನ ಇಲ್ಲ. ಅದನ್ನು ಮಾತ್ರ ಎಸೆಯಲೇಬೇಕು. ನಡುವಿನ ಹಲಗೆಯಲ್ಲಿ, ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ, ಬಾಗಿಲಲ್ಲಿ ಬೇಡ. ಚುಚ್ಚುವ ಮೊದಲು ಕಣ್ಣಿಗೆ ಹಿಡಿದು ನೋಡಿ: ತಿಳಿ ಇರಬೇಕಾದದ್ದು ಮಬ್ಬಾಗಿದ್ದರೆ ಬೇಡ. 30/70 ಜಾತಿಯದ್ದು (ಎರಡು ಬಗೆಯ ಇನ್ಸುಲಿನ್ ಬೆರೆಸಿದ್ದು) ಅಂಗೈಯಲ್ಲಿ ಹೊರಳಿಸಿದಾಗ ಹಾಲಿನ ಹಾಗೆ ಏಕಸಮ ಆಗಬೇಕು, ತಳದಲ್ಲಿ ಗಂಟು ಅಥವಾ ಗಾಜಿಗೆ ಪುಡಿ ಅಂಟಿದ್ದರೆ ಅದೂ ಬೇಡ.

ಮಣ್ಣಿನ ಮಡಕೆಯಲ್ಲಿ ಇಡುವ ಉಪಾಯ ಎಲ್ಲರೂ ಹೇಳ್ತಾರೆ. ಒಣ ಹವೆಯ ಊರಲ್ಲಿ ಅದು ಚೆನ್ನ. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ನೀರು ತುಂಬಿರೋದರಿಂದ ಮಡಕೆ ಮೈ ಆರೋದಿಲ್ಲ, ಹೊರಗಿಗಿಂತ ಎರಡು ಮೂರು ಡಿಗ್ರಿ ಇಳಿದರೆ ಪುಣ್ಯ. ಮಳೆಗಾಲದಲ್ಲಿ ಅದು ಬೇಕಾಗಿಯೂ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಜಾಗ್ರತೆ.

ಮತ್ತೊಂದು. ರಾತ್ರಿ ಫ್ಯಾನು ನಿಂತಾಗ ಬೆವರುವುದು ಸಹಜ ಅಂತ ನಾವೆಲ್ಲ ಬಿಟ್ಟುಬಿಡ್ತೇವೆ. ಇನ್ಸುಲಿನ್ ತಗೊಳ್ಳುವವರಿಗೆ ತಣ್ಣನೆ ಬೆವರು, ಕೈನಡುಕ, ತೊದಲು ಮಾತು ಬಂದರೆ ಸಕ್ಕರೆ ಇಳಿದಿರಬಹುದು. ಮೀಟರಿನಲ್ಲಿ ನೋಡಿ; 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರಿರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಮೀಟರಿನ ಸ್ಟ್ರಿಪ್ ಡಬ್ಬಿ ತೆರೆದಿಟ್ಟರೆ ನಮ್ಮ ಪಸೆ ಹವೆಗೆ ಬೇಗ ಕೆಟ್ಟು ಸುಳ್ಳು ಲೆಕ್ಕ ಕೊಡ್ತದೆ. ಒಂದು ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಬೇಕು. ಫ್ರಿಜ್ಜಿನಲ್ಲಿ ಇಡೋದೂ ಬೇಡ.

ಶಿರಸಿ ಹೆಗಡೆ:

ಇನ್ವರ್ಟರಿನ ಪ್ರಶ್ನೆ ಬಾಕಿ ಉಳೀತು. ಇಲ್ಲಿ ಘಟ್ಟದ ಮೇಲೆ ಮರ ಲೈನಿನ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ, ಹಾಗಾಗಿ ಈ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. 150 ಎಎಚ್ ಅಂದರೆ 12 ವೋಲ್ಟಿಗೆ 1800 ವಾಟ್-ತಾಸು. ಬ್ಯಾಟರಿ ಬಾಳಬೇಕೆಂದರೆ ಪೂರ್ತಿ ಹಿಂಡಬಾರದು, ಇನ್ವರ್ಟರಿನ ನಷ್ಟವೂ ಕಳೆದು ಕೈಗೆ ಸಿಗೋದು ಸಾವಿರದ ಆಸುಪಾಸು. ಹಳೇ 75 ವಾಟಿನ ಫ್ಯಾನ್ ಎರಡು, ಎರಡು ದೀಪ ಹಾಕಿದರೆ ಆರು ತಾಸು. ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30 ವಾಟಿನದು. ಎರಡನ್ನೂ ಬದಲಿಸಿದರೆ ಅದೇ ಬ್ಯಾಟರಿ ಹನ್ನೆರಡು ತಾಸಿನ ಮೇಲೆ ಬರ್ತದೆ.

ಫ್ರಿಜ್ಜಿನ ಸರಾಸರಿ ಖರ್ಚು ಹೆಚ್ಚಿಲ್ಲ, ಆದರೆ ಹಳೇ ಮಾದರಿಯ ಕಂಪ್ರೆಸರ್ ಏಳುವಾಗ ಒಂದು ಕ್ಷಣ ಓಡುವಾಗಿನ ಐದಾರು ಪಟ್ಟು ಎಳೀತದೆ. 900 ವಿಎ ಅಲ್ಲಿ ಓವರ್‌ಲೋಡ್ ಅಂತ ಕಿರುಚಿ ನಿಲ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಮೋಟಾರು ಬಿಸಿಯಾಗಿ ಸುಟ್ಟೇ ಹೋದೀತು. ಫ್ರಿಜ್ಜು ಇನ್ವರ್ಟರ್ ಕಂಪ್ರೆಸರಿನದಾಗಿದ್ದು (ನಿಧಾನಕ್ಕೆ ಏಳುವಂಥದ್ದು), ನಿಮ್ಮ ಮನೆಯ ಇನ್ವರ್ಟರ್ ಸೈನ್ ವೇವ್ (ಲೈನಿನ ಕರೆಂಟಿನ ಹಾಗೆಯೇ ಕೊಡುವಂಥದ್ದು) ಆಗಿದ್ದರೆ ನಡೀಬಹುದು, ಇಲ್ಲವಾದರೆ ಹೋಗಬೇಡಿ. ಅದಕ್ಕಿಂತ, ಬಿದ್ದದ್ದು ತಿಳಿಯುವ ಹಾಗೆ ಮಾಡಿಕೊಳ್ಳಿ. ಫ್ರಿಜ್ಜಿನ ಸರ್ಕೀಟಿನಿಂದಲೇ ಒಂದು ತಂತಿ ಎಳೆದು ಮಲಗುವ ಕೋಣೆಯಲ್ಲಿ ಕೆಂಪು ಇಂಡಿಕೇಟರ್ ಹಾಕಿಸಿ, ಅದು ಆರಿದ್ದರೆ ಫ್ರಿಜ್ಜಿಗೆ ಕರೆಂಟಿಲ್ಲ ಅಂತ. ಕರೆಂಟು ಹೋದರೆ ಕೂಗುವ ಅಲಾರಂ ಕೂಡ ಇಲೆಕ್ಟ್ರಿಕ್ ಅಂಗಡಿಯಲ್ಲಿ ಕೇಳಿದರೆ ಸಿಗ್ತದೆ.

ಆದರೆ ಕೂಗಿದ ಕೂಡಲೇ ಎದ್ದು ಓಡುವ ಕೆಲಸ ಮಾತ್ರ ನಮ್ಮ ವಯಸ್ಸಿಗೆ ಬೇಡ. ಬಿಪಿ ಮಾತ್ರೆ, ಪ್ರಾಸ್ಟೇಟಿನ ಮಾತ್ರೆ ತಗೊಳ್ಳುವವರಿಗೆ ಮಲಗಿದ್ದು ಸಟಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಕಟ್ಟೋದು ಸಾಮಾನ್ಯ. ಮಂಚದ ಅಂಚಿಗೆ ಕೂತು ಎರಡು ನಿಮಿಷ ಕಾಲಾಡಿಸಿ, ಆಮೇಲೆ ನಿಲ್ಲಿ. ಒಮ್ಮೆ ಪರೀಕ್ಷೆ ಮಾಡಿಯೂ ನೋಡಬಹುದು: ಐದು ನಿಮಿಷ ಮಲಗಿ ಬಿಪಿ ಅಳೆಯಿರಿ, ನಿಂತು ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕೆ 20 ಅಥವಾ ಅದಕ್ಕೂ ಹೆಚ್ಚು ಇಳಿದರೆ ಡಾಕ್ಟರಿಗೆ ತೋರಿಸಿ, ಮಾತ್ರೆ ನೀವೇ ನಿಲ್ಲಿಸಬೇಡಿ. ಮಂಚದಿಂದ ಬಚ್ಚಲ ತನಕ ಅರ್ಧ ವಾಟಿನ ರಾತ್ರಿ ದೀಪ ಇನ್ವರ್ಟರ್ ಲೈನಿಗೆ ಹಾಕಿಸಿಡಿ. ಡಿಬಿ ಮುಟ್ಟುವಾಗ ಕಾಲಲ್ಲಿ ಒಣ ಚಪ್ಪಲಿ, ಕೈಯಲ್ಲಿ ಟಾರ್ಚ್.

ಕುಮಟೆ ಭಟ್ಟ:

ದೊಡ್ಡ ಉಪಕಾರ ಆಯಿತು. ಹೌದು, ಫ್ರಾಸ್ಟ್‌ಫ್ರೀಯೇ. ಎರಡು ಸಂಶಯ. ಇನ್ವರ್ಟರಿನ ನ್ಯೂಟ್ರಲ್‌ನಿಂದಲೂ ಬೀಳ್ತದೆ ಅಂತ ಕೆಲವರು ಹೇಳ್ತಾರೆ, ನಿಜವೋ? ಮತ್ತೆ ಅರ್ಥ್ ಗುಂಡಿಗೆ ವರ್ಷಾ ಉಪ್ಪು-ಇದ್ದಿಲು ಹಾಕಿಸಬೇಕೋ?

ಕೋಡಿಬಾಗ, ಕಾರವಾರ:

ನಿಜ. ಆರ್‌ಸಿಸಿಬಿಯ ಕೆಲಸ ಫೇಸಿನಲ್ಲಿ ಹೋದದ್ದೂ ನ್ಯೂಟ್ರಲಿನಲ್ಲಿ ಬಂದದ್ದೂ ಸಮವೋ ಅಂತ ನೋಡೋದು. ಇನ್ವರ್ಟರಿಗೆ ಫೇಸನ್ನು ಆರ್‌ಸಿಸಿಬಿಗಿಂತ ಮೊದಲೇ ತೆಗೆದು, ವಾಪಸ್ ಬರುವ ನ್ಯೂಟ್ರಲನ್ನು ಆರ್‌ಸಿಸಿಬಿ ನಂತರದ ನ್ಯೂಟ್ರಲ್ ಪಟ್ಟಿಗೆ (ಬಾರ್) ಸೇರಿಸಿದ್ದರೆ ಒಂದು ಫ್ಯಾನ್ ಹಾಕಿದರೂ ಬೀಳ್ತದೆ. ಆದರೆ ಅದು ಮಳೆ ಬಿಸಿಲು ನೋಡೋದಿಲ್ಲ, ವರ್ಷವಿಡೀ ಬೀಳ್ತದೆ. ನಿಮ್ಮದು ಅದಲ್ಲ. ವಯರ್‌ಮನ್‌ಗೆ ಸಿಗದೇ ಹೋಗುವ ಇನ್ನೊಂದು, ನ್ಯೂಟ್ರಲ್ ಎಲ್ಲೋ ಒದ್ದೆ ಗೋಡೆಯಲ್ಲಿ ಅರ್ಥಿಗೆ ತಾಗಿರೋದು. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯೋದರಿಂದ, ಅದನ್ನು ಇಳಿಸಿದರೂ ನ್ಯೂಟ್ರಲ್ ಹಾಗೇ ಇರ್ತದೆ. ಮೇನ್ ಆಫ್ ಮಾಡಿ, ಎಲ್ಲ ಪಿನ್ ಕಿತ್ತು, ಬಾರಿನಿಂದ ಒಂದೊಂದೇ ನ್ಯೂಟ್ರಲ್ ಬಿಚ್ಚಿ ಅರ್ಥಿಗೆ ಮೆಗ್ಗರ್ ಹಿಡಿಯಬೇಕು. ನೀವೇ ಮಾಡುವ ಕೆಲಸ ಅಲ್ಲ, ಲೈಸೆನ್ಸ್ ಇದ್ದವರನ್ನು ಕರೆಸಿ.

ಹೀಟರ್ ಬದಲಿಸಿದ ಮೇಲೂ ಫ್ರಿಜ್ಜಿಗೆ ಬೇರೆಯೇ 30 ಮಿಲಿಯ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡರ ಕೆಲಸವನ್ನೂ ಒಂದೇ ಮಾಡುವ ಸ್ವಿಚ್ಚು) ಹಾಕಿಸಿ, ಅದು ಈಗಿನ ಆರ್‌ಸಿಸಿಬಿಯ ನಂತರ ಅಲ್ಲ, ಪಕ್ಕದಲ್ಲಿ. ಅದರ ನ್ಯೂಟ್ರಲೂ ಬೇರೆ. ಆಗ ಪಂಪು ಸೋರಿದರೂ ಇನ್ಸುಲಿನ್ ತಂಪಾಗಿರ್ತದೆ. ಬಾವಿ ಪಂಪು ಮತ್ತು ಹೊರಗಿನ ದೀಪಕ್ಕೆ ಇನ್ನೊಂದು ಇದ್ದರೆ ಒಳ್ಳೇದು.

ಉಪ್ಪು ಹಾಕಿದರೆ ಓಮ್ ಇಳೀತದೆ, ಆದರೆ ಸತು ಲೇಪದ ಕಬ್ಬಿಣದ (ಜಿಐ) ಪೈಪನ್ನು ತಿಂದುಹಾಕ್ತದೆ. ನಮ್ಮ ಮಳೆಗೆ ಉಪ್ಪು ತೊಳೆದೂ ಹೋಗ್ತದೆ. ತಾಮ್ರ ಲೇಪದ ರಾಡು, ಸುತ್ತ ಬೆಂಟೋನೈಟ್ ಮಣ್ಣು ಹಾಕಿದರೆ ವರ್ಷಾ ತೋಡಬೇಕಾಗಿಲ್ಲ. ಅಳೆಯಿಸೋದಾದರೆ ಮಳೆಗಾಲದಲ್ಲಿ ಬೇಡ, ಆಗ ಎಲ್ಲರ ಅರ್ಥಿಂಗೂ ಚೆನ್ನಾಗಿಯೇ ತೋರಿಸ್ತದೆ. ಏಪ್ರಿಲ್ ಕೊನೆಯಲ್ಲಿ ಅಳೆಯಿಸಿ, 5 ಓಮ್ ಒಳಗಿದ್ದರೆ ಉತ್ತಮ. ಡಿಬಿಯಲ್ಲಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ, ಕರಾವಳಿಯ ಉಪ್ಪು ಗಾಳಿಗೆ ಒಳಗಿನ ಸ್ಪ್ರಿಂಗು ಹಿಡಿದುಕೊಳ್ತದೆ. ಒತ್ತಿದರೂ ಬೀಳದಿದ್ದರೆ ಅದೇ ದಿನ ಬದಲಿಸಬೇಕು. ಆ ಬಟನ್ ಅರ್ಥಿಂಗ್ ಸರಿ ಇದೆಯೋ ಅಂತ ಹೇಳೋದಿಲ್ಲ, ನೆನಪಿರಲಿ.

ಅಂಕೋಲಾ ನಾಯಕ:

ಫ್ರಿಜ್ ಬಿಚ್ಚಿಸುವ ದಿನ ಇನ್ಸುಲಿನನ್ನು ಥರ್ಮಾಸಿನಲ್ಲಿ ಒಯ್ಯುವುದಾದರೆ, ಐಸು ಬೇಡ ಭಟ್ರೆ. ತಣ್ಣೀರಲ್ಲಿ ತೊಳೆದು ಒರೆಸಿದ ಒಣ ಥರ್ಮಾಸ್ ಸಾಕು. ಮನೆಯವರ ಬಾಟಲಿ ಒಂದು ಮಿಲಿ ಲೀಟರಿಗೆ 40 ಯುನಿಟಿನದೋ 100ರದೋ ಅಂತಲೂ ಒಮ್ಮೆ ನೋಡಿಡಿ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ. ಕತ್ತಲಲ್ಲಿ ಅದಲು ಬದಲಾದರೆ ಎರಡೂವರೆ ಪಟ್ಟು ವ್ಯತ್ಯಾಸ ಆಗ್ತದೆ.