ಪದ ಬೇಕು: ಸೈಕಲ್ ಬ್ರೇಕ್ ‘ಬ್ಲೀಡ್’ ಮಾಡೋದಕ್ಕೆ, ಸಂಜೆಯೊಳಗೆ

ಚಿಕ್ಕಮಗಳೂರಿನಿಂದ:

ಈ ಕನ್ನಡ ಮೇಲ್ ಪಟ್ಟಿಯ ಎಲ್ಲರಿಗೂ ನಮಸ್ಕಾರ. ಮೌಂಟನ್ ಬೈಕ್ ಬಾಡಿಗೆಗೆ ಕೊಡುವ ಗೆಳೆಯನ ಅಂಗಡಿ ಗೋಡೆಗೆ ಒಂದು ಹಾಳೆ ಬರೆಯುತ್ತಿದ್ದೇನೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ತಂತಿಯ ಬದಲು ಪೈಪಿನೊಳಗಿನ ಆಯಿಲ್ ಒತ್ತಡದಿಂದ ಹಿಡಿಯುವಂಥದ್ದು) ಹೇಗೆ ನೋಡಿಕೊಳ್ಳಬೇಕು ಅಂತ, ಹೊಸದಾಗಿ ಸೇರಿದ ಹುಡುಗರಿಗೆ. ಮುಳ್ಳಯ್ಯನಗಿರಿ 1,930 ಮೀಟರ್. ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಕಥೆ ಮುಗಿಯಿತು. ಸಂಜೆ ಪ್ರಿಂಟ್‌ಗೆ ಹೋಗಬೇಕು.

ನಾನು ಸಿಕ್ಕಿಕೊಂಡಿರುವುದು ‘ಬ್ಲೀಡ್’ ಹತ್ತಿರ. ಆಯಿಲ್ ಪೈಪಿನೊಳಗೆ ಗುಳ್ಳೆ ಸೇರಿದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಗಾಳಿ ಅದುಮಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗಲ್ಲ, ಅದಕ್ಕೆ. ಸಿರಿಂಜಿನಿಂದ ಹೊಸ ಆಯಿಲ್ ತಳ್ಳಿ ಆ ಗುಳ್ಳೆ ಹೊರಗೆ ಹಾಕುವುದೇ ಬ್ಲೀಡ್. ಕಂಪ್ಯೂಟರ್ ಕೇಳಿದರೆ ‘ಬ್ರೇಕ್ ರಕ್ತಸ್ರಾವ’ ಅಂದಿತು. ‘ಗಾಳಿ ತೆಗೆಯಿರಿ’ ಅಂತ ನಾನೇ ಬರೆದೆ. ಗೆಳೆಯ ನಕ್ಕ. ಸೈಕಲ್ ಅಂಗಡಿಯಲ್ಲಿ ಗಾಳಿ ತೆಗಿ ಅಂದರೆ ಹುಡುಗ ಸೀದಾ ಟೈರಿನ ವಾಲ್ವಿಗೆ ಕೈ ಹಾಕುತ್ತಾನೆ!

ಇನ್ನೊಂದು. ಬ್ರೇಕಿನೊಳಗೆ ತುಂಬುವುದರಲ್ಲಿ ಎರಡು ಬಗೆ, ಮಿನರಲ್ ಆಯಿಲ್ ಮತ್ತು ಡಾಟ್ ಫ್ಲೂಯಿಡ್. ಎರಡಕ್ಕೂ ‘ಎಣ್ಣೆ’ ಅನ್ನುವ ಹಾಗಿಲ್ಲ. ಶಿಮಾನೊ, ಮಗುರಾ ಬ್ರೇಕಿಗೆ ಮಿನರಲ್. ಹೇಯ್ಸ್‌ಗೆ, ಸ್ರಾಮ್‌ನ ಹಲವಕ್ಕೆ ಡಾಟ್. ಅದಲುಬದಲಾದರೆ ಒಳಗಿನ ರಬ್ಬರ್ ಸೀಲ್ ಹಾಳು. ಏನು ಬರೆಯಲಿ?

ತಿಪಟೂರಿನಿಂದ:

ಮೊದಲು ‘ಬ್ರೇಕ್’ ಬಿಡಿ. ನಮ್ಮಲ್ಲಿ ‘ಬಿರಿ’ ಇದೆ, ಹಿರಿಯರು ಗಾಡಿಗೆ ಬಿರಿ ಹಾಕು ಅಂತಿದ್ದರು. ಬ್ಲೀಡ್‌ಗೆ ‘ಬಸಿ’. ‘ಬಿರಿ ಬಸಿಯುವುದು’. ಪ್ರಾಸವೂ ಕೂತಿತು.

ಧಾರವಾಡದಿಂದ:

ಡಿಸ್ಕ್‌ನ ಪಕ್ಕ ‘ಬಿರಿ’ ಅಂತ ಬರೆದರೆ ಹುಡುಗರು ಬಿರುಕು ಹುಡುಕುತ್ತಾ ಕೂರುತ್ತಾರೆ. ಇನ್ನು ಬಸಿಯುವುದು. ಅನ್ನ ಬಸಿದರೆ ಗಂಜಿ ಹೋಗುತ್ತದೆ, ಅನ್ನ ಉಳಿಯುತ್ತದೆ. ಇಲ್ಲಿ ನೀರಾಗಿರುವುದು ಉಳಿಯಬೇಕು, ಗಾಳಿ ಹೋಗಬೇಕು. ನಿಮ್ಮ ಮಾತು ಕೇಳಿ ಆಯಿಲ್ ಪೂರ್ತಿ ಬಸಿದಿಟ್ಟರೆ ಗಿರಿ ಇಳಿಯುವವರು ನೀವೇ ಆಗಿ.

ನಾವು ಪಂಪ್‌ಸೆಟ್ ಕಂಡವರು. ನೀರು ಎತ್ತದಿದ್ದರೆ ‘ಏರ್ ಹಿಡಿದಿದೆ’ ಅನ್ನುತ್ತೇವೆ. ಟ್ರ್ಯಾಕ್ಟರಿನ ಡೀಸೆಲ್ ಪೈಪಿಗೂ ಅದೇ ಮಾತು. ‘ಗಾಳಿ ಹಿಡಿದಿದೆ’ ಅಂದರೆ ದೆವ್ವ ಬಿಡಿಸುವವರನ್ನು ಕರೆಯಬೇಕಾಗುತ್ತದೆ. ಟೈರಿಗೆ ಹೊಡೆಯುವುದು ಗಾಳಿ, ಪೈಪಿಗೆ ಹಿಡಿಯುವುದು ಏರ್. ಒಂದು ನಾವು ತುಂಬಿದ್ದು, ಇನ್ನೊಂದು ಕರೆಯದೆ ಬಂದದ್ದು. ಸಾಲದ ಪದ ಬಂದು ಕನ್ನಡದ ಪದಕ್ಕೆ ಕೆಲಸ ಹಂಚಿಕೊಟ್ಟಿದೆ. ‘ಬ್ರೇಕಿನ ಏರ್ ತೆಗೆಯುವುದು’ ಅಂತ ಬರೆದು ಮುಗಿಸಿ.

ತಿಪಟೂರಿನಿಂದ:

ಇದು ಕನ್ನಡದ ಪಟ್ಟಿಯೋ ಗ್ಯಾರೇಜೋ? ಗಾಳಿಗೂ ಸಾಲ ಮಾಡಬೇಕಾ? ಮಿನರಲ್ ಆಯಿಲ್‌ಗೆ ‘ಕಲ್ಲೆಣ್ಣೆ’ ಸಾಕು.

ಮೈಸೂರಿನಿಂದ:

‘ಖನಿಜ ತೈಲ’ ಇರುವಾಗ ಕಲ್ಲೆಣ್ಣೆ ಯಾಕೆ?

ತಿಪಟೂರಿನಿಂದ:

ತೈಲ ಬಂದದ್ದು ತಿಲದಿಂದ, ಅಂದರೆ ಎಳ್ಳಿನಿಂದ. ಖನಿಜದ ಎಳ್ಳೆಣ್ಣೆಯಾ?

ಮೈಸೂರಿನಿಂದ:

ನಿಮ್ಮ ಎಣ್ಣೆ ಎಲ್ಲಿಂದ ಬಂತು ಸ್ವಾಮಿ? ಎಳ್ ಮತ್ತು ನೆಯ್ ಸೇರಿ ಎಣ್ಣೆ. ಅದೂ ಎಳ್ಳೇ! ಇಂಗ್ಲಿಷಿನ ಆಯಿಲ್ ಆಲಿವ್‌ನಿಂದ. ಯಾವ ಭಾಷೆಯ ಪದ ತಗೊಂಡರೂ ಬ್ರೇಕಿನೊಳಗೆ ಯಾವುದೋ ಕಾಳನ್ನೋ ಕಾಯಿಯನ್ನೋ ಹಿಂಡಿದಂತೆಯೇ.

ತಿಪಟೂರಿನಿಂದ:

ಒಪ್ಪಿದೆ. ಆದರೆ ಎಣ್ಣೆ ನಮ್ಮ ಎಳ್ಳು. ಸೀಮೆಎಣ್ಣೆ ಬಂದಾಗ ನಮ್ಮ ಅಜ್ಜಿ ಕೆರೋಸಿನ್ ಅನ್ನಲಿಲ್ಲ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ, ಎಲ್ಲವನ್ನೂ ಹೀಗೇ ಪಳಗಿಸಿದರು. ನಮಗೆ ಆ ಧೈರ್ಯ ಹೋಯಿತು.

ಮೈಸೂರಿನಿಂದ:

ಸೀಮೆಯೇ ಸಂಸ್ಕೃತದ ಸಾಲ. ಧೈರ್ಯವೂ.

ಧಾರವಾಡದಿಂದ:

ಅಜ್ಜಿ ಸೀಮೆಎಣ್ಣೆ ಅಂದದ್ದು ದೀಪಕ್ಕೆ ಯಾವುದನ್ನು ಸುರಿಯಬೇಕು ಅಂತ ಮನೆಯವರಿಗೆ ಗೊತ್ತಾಗಲಿ ಅಂತ. ಗೋಡೆಯ ಹಾಳೆಯಲ್ಲಿ ಕಲ್ಲೆಣ್ಣೆ ಅಂತ ಓದಿದ ಹುಡುಗನ ಎದುರಿಗಿರುವ ಬಾಟಲಿ ಮೇಲೆ ಕಲ್ಲೆಣ್ಣೆ ಅಂತ ಇರಲ್ಲ. ಡಾಟ್ ಸುರಿದಾನು. ಅದು ಪೇಂಟ್ ಮೇಲೆ ಬಿದ್ದರೆ ಪೇಂಟೂ ಏಳುತ್ತದೆ. ಪದ ಬಾಟಲಿಗೆ ಹೊಂದಬೇಕು, ಅಷ್ಟೇ.

ಚಿಕ್ಕಮಗಳೂರಿನಿಂದ:

ಸಾರ್‌ಗಳೇ, ಪ್ರಿಂಟ್ ಅಂಗಡಿ ಏಳಕ್ಕೆ ಮುಚ್ಚುತ್ತದೆ. ಇಷ್ಟು ಕಳಿಸುತ್ತಿದ್ದೇನೆ:

“ಲಿವರ್ ಮೆತ್ತಗಿದ್ದರೆ ಬ್ರೇಕಿಗೆ ಏರ್ ಹಿಡಿದಿದೆ. ಏರ್ ತೆಗೆಯುವ ಮುಂಚೆ ಚಕ್ರ, ಪ್ಯಾಡ್ ಎರಡನ್ನೂ ಬಿಚ್ಚಿ ದೂರ ಇಡಿ. ಲಿವರ್ ಮೇಲೆ ‘ಮಿನರಲ್ ಆಯಿಲ್’ ಅಂತ ಇದ್ದರೆ ಅದನ್ನೇ ಹಾಕಿ, ‘ಡಾಟ್’ ಅಂತ ಇದ್ದರೆ ಡಾಟ್. ಏನೂ ಬರೆದಿಲ್ಲದಿದ್ದರೆ ಮುಟ್ಟಬೇಡಿ, ಕೇಳಿ. ಡಿಸ್ಕ್‌ಗೆ ಎಣ್ಣೆಗೈ ತಾಗಿಸಬೇಡಿ. ತಾಗಿದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಚಕ್ರ ಬಿಚ್ಚಿದಾಗ ಲಿವರ್ ಒತ್ತಬೇಡಿ. ಶಿಮಾನೊ ಪ್ಯಾಡ್ 0.5 ಮಿಲಿಮೀಟರಿಗೆ, ಡಿಸ್ಕ್ 1.5ಕ್ಕೆ ಸವೆದರೆ ಬದಲಿಸಿ.”

‘ಎಣ್ಣೆಗೈ’ ಒಂದನ್ನು ತಿಪಟೂರಿನವರಿಗಾಗಿ ಉಳಿಸಿದ್ದೇನೆ.

ತಿಪಟೂರಿನಿಂದ:

‘ಒರೆಸಿ’ ಸರಿಯಾಗಿದೆ. ಮಿಕ್ಕಿದ್ದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.