ಎಂಟಿಬಿ ಹೊಸಬ: ಬೆರಳು ಜೋಮು, ಮಂಡಿ ನೋವು. ಸ್ಟೆಮ್ ಬದಲಿಸಬೇಕಾ?

ಮಣ್ಣುದಾರಿ:
ಎಲ್ಲರಿಗೂ ನಮಸ್ಕಾರ. ಮೌಂಟನ್ ಬೈಕಿಂಗ್‌ಗೆ ನಾನು ಹೊಸಬ. ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಶನ್ ಇರುವ) ಸೈಕಲ್ ತಗೊಂಡು ಎರಡು ತಿಂಗಳಾಯಿತು. ಅರ್ಧ ಗಂಟೆ ಓಡಿಸಿದರೆ ಸಾಕು, ಎರಡೂ ಕೈಯ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆ. ಇಳಿದು ಕೈ ಒದರಿದರೆ ಸರಿಹೋಗುತ್ತದೆ, ಹತ್ತಿದರೆ ಮತ್ತೆ ಅದೇ ಕಥೆ. ಏರು ಹತ್ತುವಾಗ ಮಂಡಿಚಿಪ್ಪಿನ ಕೆಳಗೆ ನೋವು. ಮೊದಲು ಕೂರುವ ಜಾಗವೂ ಉರಿಯುತ್ತಿತ್ತು, ಸೀಟಿನ ಮೂತಿಯನ್ನು ಕೆಳಗೆ ಬಗ್ಗಿಸಿದ ಮೇಲೆ ಅದು ಕಡಿಮೆಯಾಗಿದೆ.

ಹ್ಯಾಂಡಲ್ ತುಂಬಾ ದೂರ ಅನಿಸುತ್ತದೆ. ಈಗಿರುವುದು 60 ಮಿ.ಮೀ. ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ, ಮುಂದಕ್ಕೆ ಚಾಚಿದ ತುಂಡು). 35 ಮಿ.ಮೀ. ಹಾಕಿದರೆ ಸರಿಹೋಗುತ್ತದಾ? ಅಥವಾ ಫ್ರೇಮೇ ದೊಡ್ಡದಾಯಿತಾ?

ಹಳೇಚೈನು:
ಸ್ಟೆಮ್ ಈಗಲೇ ಕೊಳ್ಳಬೇಡಿ. ಮೊದಲು ಇಷ್ಟು ಹೇಳಿ. ಸೀಟಿನ ಎತ್ತರ ಹೇಗೆ ಹೊಂದಿಸಿದಿರಿ? ಮೂತಿ ಎಷ್ಟು ಬಗ್ಗಿದೆ? ಓಡಿಸುವಾಗ ಮುಂದಕ್ಕೆ ಜಾರುತ್ತೀರಾ?

ಮಣ್ಣುದಾರಿ:
ನಿಲ್ಲಿಸಿದಾಗ ಎರಡೂ ಕಾಲಿನ ಬೆರಳು ನೆಲಕ್ಕೆ ಸಿಗಬೇಕಲ್ವಾ, ಹಾಗೆ ಇಟ್ಟಿದ್ದೇನೆ. ಕ್ರ್ಯಾಂಕಿನ (ಪೆಡಲ್ ತೋಳು ತಿರುಗುವ ಅಚ್ಚಿನ) ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಟೇಪ್ ಹಿಡಿದರೆ 62 ಸೆಂ.ಮೀ. ಮೂತಿ ಫೋನಿನ ರಸಮಟ್ಟದಲ್ಲಿ 7 ಡಿಗ್ರಿ ಕೆಳಗೆ ತೋರಿಸುತ್ತಿದೆ. ಜಾರುವುದಂತೂ ಹೌದು. ಐದು ನಿಮಿಷಕ್ಕೊಮ್ಮೆ ಹಿಂದಕ್ಕೆ ಸರಿದು ಕೂರುತ್ತೇನೆ. ಎಲ್ಲರಿಗೂ ಹಾಗೇ ಆಗುತ್ತದೆ ಅಂದುಕೊಂಡಿದ್ದೆ.

ಹಳೇಚೈನು:
ಇಲ್ಲ, ಎಲ್ಲರಿಗೂ ಆಗುವುದಿಲ್ಲ. ನಿಮಗಿರುವುದು ಮೂರು ತೊಂದರೆ ಅಲ್ಲ, ಒಂದೇ. ಸೀಟು ತಗ್ಗಿನಲ್ಲಿದೆ. ತಗ್ಗಿದ್ದರಿಂದ ಮಂಡಿ ಜಾಸ್ತಿ ಮಡಚಿಕೊಂಡೇ ಪೆಡಲ್ ತುಳಿಯುತ್ತೀರಿ, ಚಿಪ್ಪಿನ ಮುಂದೆ ನೋವು ಬರುವುದು ಅದಕ್ಕೇ. ಕಾಲು ಸರಿಯಾಗಿ ಚಾಚದಿದ್ದರೆ ಮೈಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ, ಉರಿ ಬಂದದ್ದು ಹಾಗೆ. ಉರಿ ತಪ್ಪಿಸಲು ಮೂತಿ ಬಗ್ಗಿಸಿದಿರಿ. ಸೀಟು ಜಾರುಬಂಡೆಯಾಯಿತು. ಈಗ ಜಾರುವ ಮೈಯನ್ನು ತಡೆಯುತ್ತಿರುವುದು ನಿಮ್ಮ ಅಂಗೈ. ಕಿರುಬೆರಳಿಗೂ ಉಂಗುರ ಬೆರಳಿಗೂ ಹೋಗುವ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯಿಂದ ಹಾದುಹೋಗುತ್ತದೆ. ಅದನ್ನೇ ಗ್ರಿಪ್ಪಿಗೆ ಒತ್ತಿ ಹಿಡಿದರೆ ಆ ಎರಡು ಬೆರಳೇ ಜೋಮು ಹಿಡಿಯುತ್ತವೆ.

ಹ್ಯಾಂಡಲ್ ದೂರ ಅನಿಸುವುದೂ ಇದರಿಂದಲೇ ಇರಬಹುದು. ಜಾರದಿರಲು ಮೊಣಕೈ ಸೆಟೆದುಕೊಂಡು ಕೂತರೆ ಯಾವ ಹ್ಯಾಂಡಲ್ ಆದರೂ ದೂರವೇ. ಇದಕ್ಕೆ ಸ್ಟೆಮ್ ಬದಲಿಸುವುದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಮೊದಲು ಎತ್ತರ. ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಳ್ಳಿ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಒಂದು ಕಡೆಗೆ ವಾಲದೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ತಾನಾಗಿಯೇ ಸ್ವಲ್ಪ ಮಡಚುತ್ತದೆ. ಆ ಮಡಿಕೆ 25ರಿಂದ 35 ಡಿಗ್ರಿ ಒಳಗಿದ್ದರೆ ಸಾಕು.

ಲೆಕ್ಕದಲ್ಲೂ ನೋಡಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ದಪ್ಪ ಪುಸ್ತಕವೊಂದನ್ನು ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲಕ್ಕೆ ಸುಮಾರು ಅಷ್ಟಿರಬೇಕು. ಇದು ರಸ್ತೆ ಸೈಕಲ್‌ನವರ ಲೆಕ್ಕ. ಮಣ್ಣಿನಲ್ಲಿ ಓಡಿಸುವವರು ಒಂದೆರಡು ಸೆಂ.ಮೀ. ತಗ್ಗಿಸಿಕೊಳ್ಳುವುದುಂಟು.

ಎತ್ತರ ಸರಿಯಾದ ಮೇಲೆ ಸೀಟನ್ನು ಮಟ್ಟ ಮಾಡಿ, ಹೆಚ್ಚೆಂದರೆ ಮೂತಿ 1–2 ಡಿಗ್ರಿ ಕೆಳಗಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ದಯವಿಟ್ಟು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಸೀಟ್ ಪೋಸ್ಟಿನ (ಸೀಟು ಹೊತ್ತ ಕೊಳವೆಯ) ಮೇಲೆ ಕೊರೆದಿರುವ ಮಿನಿಮಮ್ ಗೆರೆ ಹೊರಗೆ ಕಾಣುವಷ್ಟು ಎತ್ತಬೇಡಿ, ಫ್ರೇಮ್ ಸೀಳಬಹುದು.

ಮಣ್ಣುದಾರಿ:
ಅಳೆದೆ. ಒಳಗಾಲು 80 ಸೆಂ.ಮೀ. ಲೆಕ್ಕಕ್ಕೆ 70.6 ಬಂತು. ಅಂದರೆ 8 ಸೆಂ.ಮೀ.ಗೂ ಜಾಸ್ತಿ ತಗ್ಗು! ಆದರೆ ಅಷ್ಟು ಎತ್ತಿದರೆ ನೆಲಕ್ಕೆ ಕಾಲೇ ಸಿಗುವುದಿಲ್ಲ. ನಿಲ್ಲಿಸುವುದು ಹೇಗೆ?

ಹಳೇಚೈನು:
ಸೀಟಿನ ಮೇಲೆ ಕೂತೇ ನಿಲ್ಲಿಸುವುದಿಲ್ಲ. ಬ್ರೇಕ್ ಹಿಡಿದು, ಕೆಳಗಿರುವ ಪೆಡಲ್ ಮೇಲೆ ಎದ್ದು ನಿಂತು, ಸೀಟಿನ ಮುಂದೆ ಇಳಿದು ಇನ್ನೊಂದು ಕಾಲು ಊರಿ. ಹುಲ್ಲಿನ ಮೇಲೆ ಹತ್ತು ಸಲ ಮಾಡಿದರೆ ಭಯ ಬಿಡುತ್ತದೆ. ಹಾಗೆ ಫ್ರೇಮಿನ ಮೇಲ್ಕೊಳವೆಗೆ ಕಾಲು ಅಡ್ಡಹಾಕಿ ನಿಂತಾಗ ನಾಲ್ಕೈದು ಬೆರಳಷ್ಟು ಜಾಗ ಇದ್ದರೆ ಫ್ರೇಮ್ ಅಷ್ಟೇನೂ ದೊಡ್ಡದಲ್ಲ.

ಈ ಎತ್ತರ ಪೆಡಲ್ ತುಳಿಯುವುದಕ್ಕೆ. ಕಡಿದಾದ ಇಳಿಜಾರಿನಲ್ಲಿ ಸೀಟು ತಗ್ಗಿಸಲೇಬೇಕು, ಇಲ್ಲದಿದ್ದರೆ ಹೊಟ್ಟೆಗೆ ಗುದ್ದುತ್ತದೆ. ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಗುಂಡಿ ಒತ್ತಿ ಸೀಟು ಏರಿಳಿಸುವ ಪೋಸ್ಟ್) ಇಲ್ಲ ಅಂದರೆ, ಸರಿಯಾದ ಎತ್ತರದಲ್ಲಿ ಪೋಸ್ಟಿಗೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಹಾಕಿಡಿ. ಇಳಿದ ಮೇಲೆ ಮತ್ತೆ ಅಲ್ಲಿಗೇ ಎತ್ತಬಹುದು.

ಕೆಸರುಗಾಲಿ:
ನಡುವೆ ಬಾಯಿ ಹಾಕುತ್ತೇನೆ. ಬ್ರೇಕ್ ಲಿವರ್ ಕೂಡ ನೋಡಿ. ಹೊಸ ಸೈಕಲ್‌ಗಳಲ್ಲಿ ಅದನ್ನು ಗ್ರಿಪ್ಪಿಗೆ ಒತ್ತಿಟ್ಟಿರುತ್ತಾರೆ. ಸ್ವಲ್ಪ ಒಳಕ್ಕೆ ಸರಿಸಿದರೆ ತೋರುಬೆರಳೊಂದೇ ಲಿವರಿನ ತುದಿಯ ಕೊಕ್ಕೆಗೆ ಕೂರುತ್ತದೆ, ಉಳಿದ ಬೆರಳು ಹಿಡಿಕೆಗೆ. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯದೆ ಮೊಣಕೈ ಜೊತೆ ನೇರವಾಗಿರಲಿ. ಫೋರ್ಕಿನ (ಮುಂದಿನ ಸಸ್ಪೆನ್ಶನ್ನಿನ) ಗಾಳಿಯನ್ನೂ ಪರೀಕ್ಷಿಸಿ. ನೀವು ಹತ್ತಿ ಕೂತಾಗ ಫೋರ್ಕಿನ ಕೊಳವೆ ಮೇಲಿನ ರಬ್ಬರ್ ಉಂಗುರ ಟ್ರಾವೆಲ್‌ನ (ಫೋರ್ಕ್ ಒಟ್ಟು ಕುಸಿಯಬಲ್ಲ ಉದ್ದದ) 15–20% ಸರಿಯಬೇಕು. 120 ಮಿ.ಮೀ. ಫೋರ್ಕಾದರೆ 18–24 ಮಿ.ಮೀ. ಅದಕ್ಕಿಂತ ಜಾಸ್ತಿ ಮುಳುಗಿದರೆ ಮುಂಭಾಗ ತಗ್ಗಿ ಭಾರ ಮತ್ತೆ ಕೈ ಮೇಲೆ ಬರುತ್ತದೆ.

ಮಣ್ಣುದಾರಿ (ಒಂದು ವಾರದ ನಂತರ):
ಬೆರಳು ಜೋಮು ನೂರಕ್ಕೆ 90 ಭಾಗ ಹೋಯಿತು! ಎರಡು ದಿನ ತೊಡೆ ಹಿಡಿದುಕೊಂಡಿತ್ತು, ಈಗ ಸರಿಯಾಗಿದೆ. ಆದರೆ ಈಗ ಮಂಡಿಯ ಹಿಂದೆ ಸೆಳೆತ. ಎತ್ತರ 70ಕ್ಕೇ ನಿಲ್ಲಿಸಿದ್ದೆ. ಹಾಗೇ ಸುಮ್ನೆ ಸೀಟನ್ನು ಒಂದೂವರೆ ಸೆಂ.ಮೀ. ಹಿಂದಕ್ಕೂ ಸರಿಸಿದೆ.

ಹಳೇಚೈನು:
ಆ "ಸುಮ್ನೆ"ಯೇ ಕಾರಣ. ಸೀಟು ಹಿಂದಕ್ಕೆ ಹೋದರೆ ಪೆಡಲ್‌ನಿಂದ ದೂರ ಆಗುತ್ತದೆ, ಎತ್ತರ ಹೆಚ್ಚಿಸಿದಂತೆಯೇ. ಮಂಡಿಯ ಹಿಂದೆ ಸೆಳೆದರೆ, ಅಥವಾ ತುಳಿಯುವಾಗ ಸೊಂಟ ಆಚೀಚೆ ತೂಗಿದರೆ ಸೀಟು ಎತ್ತರ ಜಾಸ್ತಿ ಅಂತ ಲೆಕ್ಕ. ಮೊದಲಿದ್ದ ಜಾಗಕ್ಕೇ ತನ್ನಿ. ಪೆಡಲ್‌ಗಳು ಅಡ್ಡ ಮಟ್ಟದಲ್ಲಿರುವಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ನಟ್ಟು ಪೆಡಲ್ ಅಚ್ಚಿನ ಆಸುಪಾಸಿಗೆ ಬಂದರೆ ಆರಂಭಕ್ಕೆ ಸಾಕು. ಅದೇ ವೇದವಾಕ್ಯ ಅಲ್ಲ. ಆಮೇಲೂ ಸೆಳೆತ ಉಳಿದರೆ 5 ಮಿ.ಮೀ. ತಗ್ಗಿಸಿ, ಎರಡು ಸಲ ಓಡಿಸಿ ನೋಡಿ.

ಮಣ್ಣುದಾರಿ:
ಮೊದಲಿನ ಜಾಗಕ್ಕೆ ತಂದೆ, ಸೆಳೆತ ಹೋಯಿತು. ಒಂದು ವಿಚಿತ್ರ ಮಾತ್ರ ಉಳಿದಿದೆ. ಮೊದಲ ಒಂದು ಗಂಟೆ ಏನೂ ಇಲ್ಲ, ಆಮೇಲೆ ಮಂಡಿ ಮುಂಭಾಗದ ಹಳೆಯ ನೋವು ಮತ್ತೆ ಬರುತ್ತದೆ.

ಹಳೇಚೈನು:
ಟೇಪ್ ಎಲ್ಲಿದೆ ನೋಡಿದಿರಾ?

ಮಣ್ಣುದಾರಿ:
ಈಗ ನೋಡಿದೆ. ಟೇಪ್ ಮುದುರಿಕೊಂಡು ಕ್ಲ್ಯಾಂಪಿನ (ಪೋಸ್ಟ್ ಬಿಗಿ ಹಿಡಿಯುವ ಪಟ್ಟಿಯ) ಬಾಯಿಗೆ ಸಿಕ್ಕಿಕೊಂಡಿದೆ. ಪೋಸ್ಟ್ 2 ಸೆಂ.ಮೀ. ಕೆಳಗಿಳಿದಿದೆ! ಓಡಿಸುತ್ತಾ ಓಡಿಸುತ್ತಾ ಮುಳುಗುತ್ತಿತ್ತು ಅನಿಸುತ್ತದೆ.

ಕೆಸರುಗಾಲಿ:
ಪೋಸ್ಟ್ ಹೊರತೆಗೆದು ಕೊಳವೆಯ ಒಳಗೂ ಬಟ್ಟೆ ಹಾಕಿ ಒರೆಸಿ. ಧೂಳು ಗ್ರೀಸ್ ಜೊತೆ ಸೇರಿ ಜಾರುತ್ತಿರುತ್ತದೆ. ಅಲ್ಯೂಮಿನಿಯಂ ಪೋಸ್ಟಿಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಕಾರ್ಬನ್ ಆಗಿದ್ದರೆ ಗ್ರೀಸ್ ಮುಟ್ಟಿಸಬೇಡಿ, ಅದಕ್ಕೆ ಕಾರ್ಬನ್ ಪೇಸ್ಟ್ ಬೇರೆ ಇದೆ. ಕ್ಲ್ಯಾಂಪಿನ ಮೇಲೆ ಎಷ್ಟು ಎನ್‌ಎಂ (ನ್ಯೂಟನ್ ಮೀಟರ್, ಬಿಗಿತದ ಅಳತೆ) ಅಂತ ಬರೆದಿರುತ್ತದೆ, ಅಷ್ಟೇ ಬಿಗಿ ಮಾಡಿ.

ಮಣ್ಣುದಾರಿ:
ಒರೆಸಿ ಬಿಗಿ ಮಾಡಿದೆ. ಇವತ್ತು ಎರಡೂವರೆ ಗಂಟೆ ಓಡಿಸಿದೆ, ಹೊಸ ಟೇಪ್ ಇದ್ದಲ್ಲೇ ಇದೆ. ಸ್ಟೆಮ್ ಹಳೆಯದೇ. ಹ್ಯಾಂಡಲ್ ದೂರ ಅಂತ ದೂರಿದ್ದು ನೆನಪಾಗಿದ್ದು ಮನೆಗೆ ಬಂದ ಮೇಲೆಯೇ.