ಚಿಕ್ಕಮ್ಮ, ಟಿವಿ ಬೇಡ, ಒಂದು ವೈರ್ ಸಾಕು

ಚಿಕ್ಕಮ್ಮ, ಬಸ್ಸಿನಿಂದ ಇಳಿದ ಮೇಲೆ ನಿಮ್ಮ ಸಂದೇಶ ಕೇಳಿದೆ. ಅಜ್ಜಿಗೆ ಸಿನಿಮಾ ತೋರಿಸಲು ಲ್ಯಾಪ್‌ಟಾಪನ್ನು ಹಳೆಯ ಮಾನಿಟರಿಗೆ ಜೋಡಿಸಿದಿರಿ. ಮದುವೆಯ ವಿಡಿಯೊ ಕಾಣಿಸಿತು, ಆದರೆ ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಹಣ ಕಟ್ಟಿದ ಆ್ಯಪ್‌ನ ಚಿತ್ರ ಹಾಕಿದರೆ ಪರದೆ ಪೂರ್ತಿ ಕಪ್ಪು. ಮಾನಿಟರ್ ಕೆಟ್ಟಿದೆ, ಹೊಸ ಟಿವಿ ತರೋಣ ಎಂದು ಚಿಕ್ಕಪ್ಪ ಬರೆದಿದ್ದಾರೆ. ಚಿಕ್ಕಪ್ಪ, ದಯವಿಟ್ಟು ಎರಡು ದಿನ ತಡೆಯಿರಿ. ಮಾನಿಟರಿಗೆ ಏನೂ ಆಗಿಲ್ಲ.

ನೀವು ಕಳುಹಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಲ್ಯಾಪ್‌ಟಾಪಿಗೆ ಒಂದು ಕನ್ವರ್ಟರ್, ಅದರಿಂದ ಮಾನಿಟರಿಗೆ ನೀಲಿ ತಲೆಯ, ಎರಡು ಕಡೆ ತಿರುಪು ಇರುವ ದಪ್ಪ ವೈರ್. ಅದು ವಿಜಿಎ. 1987ರಲ್ಲಿ ಐಬಿಎಂ ಕಂಪ್ಯೂಟರುಗಳ ಜೊತೆ ಬಂದ ಏರ್ಪಾಡು. ಆಗ ಕಂಪ್ಯೂಟರಿನಲ್ಲಿ ಸಿನಿಮಾ ನೋಡುವ ರೂಢಿ ಇರಲಿಲ್ಲ. ಆ ವೈರಿನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಕಪ್ಪು ಪರದೆಗೂ ಕಾರಣ ಅದೇ. ಹಣ ಕೊಟ್ಟು ನೋಡುವ ಚಿತ್ರಗಳನ್ನು ಯಾರೂ ನಕಲು ಮಾಡಬಾರದೆಂದು ಎಚ್‌ಡಿಸಿಪಿ ಎಂಬ ಬೀಗ ಹಾಕಿರುತ್ತಾರೆ. ಚಿತ್ರ ತೋರಿಸುವ ಮೊದಲು ಲ್ಯಾಪ್‌ಟಾಪ್ ಆ ತುದಿಯಲ್ಲಿರುವ ಮಾನಿಟರನ್ನು, ಈ ಬೀಗ ತೆರೆಯಲು ನಿನಗೆ ಅನುಮತಿ ಇದೆಯೇ ಎಂದು ವಿಚಾರಿಸುತ್ತದೆ. ವಿಜಿಎ ವೈರಿನಲ್ಲಿ ಆ ಪ್ರಶ್ನೆಗೆ ಉತ್ತರ ಬರುವ ದಾರಿಯೇ ಇಲ್ಲ. ಮದುವೆಯ ವಿಡಿಯೊಗೆ ಬೀಗವಿಲ್ಲ, ಅದಕ್ಕೇ ಅದು ಬಂತು.

ಅದೇ ಫೋಟೊದಲ್ಲಿ, ನೀಲಿ ಪೋರ್ಟಿನ ಪಕ್ಕ, ದೂಳಿನಡಿ ಒಂದು ಚಪ್ಪಟೆ ಎಚ್‌ಡಿಎಂಐ ಪೋರ್ಟ್ ಕಾಣುತ್ತಿದೆ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ! ನಡುವೆ ಕನ್ವರ್ಟರ್ ಇಲ್ಲದೆ ಲ್ಯಾಪ್‌ಟಾಪಿನಿಂದ ನೇರವಾಗಿ ಅಲ್ಲಿಗೆ ಎಚ್‌ಡಿಎಂಐ ವೈರ್ ಹಾಕಿದರೆ ಚಿತ್ರ, ಧ್ವನಿ, ಬೀಗದ ಉತ್ತರ ಎಲ್ಲವೂ ಒಂದರಲ್ಲೇ ಹೋಗುತ್ತವೆ.

ಒಂದು ವಿಷಯಕ್ಕೆ ಗಾಬರಿಯಾಗಬೇಡಿ. ಹೊಸ ವೈರ್ ಹಾಕಿದ ಕೂಡಲೇ ಧ್ವನಿ ಪೂರ್ತಿ ನಿಂತುಹೋಗಬಹುದು. ಧ್ವನಿ ಮಾನಿಟರಿಗೆ ಹೋಗಿರುತ್ತದೆ, ಆದರೆ ಅದರೊಳಗೆ ಸ್ಪೀಕರ್ ಇಲ್ಲ. ಹಿಂದೆ ಇಯರ್‌ಫೋನ್ ಚುಚ್ಚುವ ಸಣ್ಣ ರಂಧ್ರವಿದೆ, ಹಾಡು ಕೇಳುವ ಸ್ಪೀಕರಿನ ವೈರನ್ನು ಅಲ್ಲಿ ಹಾಕಿ. ಸ್ಪೀಕರ್ ಮಾನಿಟರಿನ ಕೆಳಗೇ ಇರಲಿ, ಮೂಲೆಯಲ್ಲಿ ಬೇಡ. ಅಜ್ಜಿಗೆ ಕಣ್ಣಿಗಿಂತ ಕಿವಿ ಮಂದ. ಮಾತು ಮುಖ ಇರುವ ಕಡೆಯಿಂದಲೇ ಬಂದರೆ ಅವರು ಅರ್ಧ ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ. ಬ್ಲೂಟೂತ್ ಸ್ಪೀಕರ್ ಬೇಡವೆನ್ನುವುದೂ ಇದಕ್ಕೇ: ಧ್ವನಿ ಒಂದಿಷ್ಟು ತಡವಾದರೂ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ, ಕೊನೆಯ ಆಯ್ಕೆ, ಎರಡನೆಯ ಪರದೆ ಮಾತ್ರ ಎಂಬುದನ್ನು ಆರಿಸಿ. ಎರಡರಲ್ಲೂ ಒಂದೇ ಚಿತ್ರ ಎಂದು ಇಟ್ಟರೆ ಲ್ಯಾಪ್‌ಟಾಪಿನ ಸಣ್ಣ ಪರದೆಯ ಅಳತೆಗೆ ಮಾನಿಟರನ್ನೂ ಇಳಿಸಿ, ಚಿತ್ರ ಮಸುಕಾಗಬಹುದು.

ಇನ್ನೊಂದು ಮಾತು, ಇದು ನನ್ನ ಪ್ರೀತಿಯ ವಿಷಯ. ಅಜ್ಜಿ ಕೇಳುವ ಕಪ್ಪುಬಿಳುಪು ಚಿತ್ರಗಳ ಅಗಲ ಎತ್ತರದ ಸುಮಾರು 1.37 ಪಟ್ಟು ಮಾತ್ರ, ಮಾನಿಟರಿನದು 1.78 ಪಟ್ಟು. ಆದ್ದರಿಂದ ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲೇಬೇಕು. ಜಾಗ ಖಾಲಿ ಇದೆಯೆಂದು ಎಳೆದು ತುಂಬಬೇಡಿ. ಅಜ್ಜಿ ಅರವತ್ತು ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡ ಮುಖಗಳು ಅವು, ಉಬ್ಬಿದ ಕೆನ್ನೆಯಲ್ಲಿ ಅವರಿಗೆ ಕಾಣಿಸಬಾರದು.

ವೈರನ್ನು ಶನಿವಾರ ನಾನೇ ತರುತ್ತೇನೆ, ಎರಡು ಮೀಟರಿನದು, ಅಜ್ಜಿಯ ಬೆತ್ತದ ಕುರ್ಚಿಯಿಂದ ನಾಲ್ಕೈದು ಅಡಿ ದೂರದ ಮೇಜಿಗೆ ಸಾಕು. ಅಷ್ಟರಲ್ಲಿ ಆ ಪೋರ್ಟಿನ ದೂಳನ್ನು ಒಣ ಬಟ್ಟೆಯಿಂದ ಒರೆಸಿಡಿ. ಮೊದಲು ಯಾವ ಚಿತ್ರ ಬೇಕೆಂದು ಅಜ್ಜಿಯನ್ನೇ ಕೇಳಿ.